ಒಂದು ತೊಟ್ಟು ರಕ್ತ ಹೇಳುವುದೆಷ್ಟು?

ಕುಮಟೆಯಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟವನ್ನು ಏರುವ ಮೊದಲು ಸಿಕ್ಕುವ ಊರು ಕತಗಾಲ. ಒಂದು ಮಗ್ಗುಲಲ್ಲಿ ಅಡಿಕೆಯ ತೋಟ, ಇನ್ನೊಂದು ಮಗ್ಗುಲಲ್ಲಿ ಬೆಟ್ಟ. ಪುಷ್ಯ ಮಾಘಗಳಲ್ಲಿ ಮರಗಳು ಎಲೆ ಉದುರಿಸತೊಡಗಿದವೆಂದರೆ ನಮ್ಮ ಕಡೆಯವರು ಬೆಟ್ಟಕ್ಕೆ ಹೋಗಿ ದರಕು ಗುಡಿಸಿ, ಹೊರೆ ಕಟ್ಟಿ ತರುತ್ತಾರೆ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ಅದು ಬೇಕು. ತೋಟದ ಗೊಬ್ಬರಕ್ಕೂ ಅದೇ ಬೇಕು. ಇದೇ ತಿಂಗಳುಗಳಲ್ಲಿ ಆ ತರಗೆಲೆಗಳ ನಡುವೆ, ಕಣ್ಣಿಗೆ ಕಂಡೂ ಕಾಣದಂಥ ಉಣುಗಿನ ಮರಿಗಳು ಕಾದುಕೊಂಡಿರುತ್ತವೆ. ಹೀಗೆ ದರಕಿಗೆ ಹೋಗಿ ಬಂದ ಮನೆಯೊಂದರಲ್ಲಿ, ಒಂದು ವಾರದೊಳಗೆ ಯಾರಿಗೋ ಇದ್ದಕ್ಕಿದ್ದಂತೆ ಚಳಿಜ್ವರ ಬಂದಿತೆಂದು ಭಾವಿಸೋಣ. ತಲೆ ಸಿಡಿಯುವಂಥ ನೋವು, ಸೊಂಟ ಮೀನಖಂಡಗಳಲ್ಲಿ ಹಿಂಡುವಂಥ ನೋವು. ಪೇಟೆಯ ಡಾಕ್ಟರರು ನೋಡಿ, ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ಸಂಜೆಯ ಹೊತ್ತಿಗೆ ಕೈಗೆ ಒಂದು ಕಾಗದ ಬರುತ್ತದೆ. ಅದರ ತುಂಬ ಅಂಕಿಗಳು. ಕೆಲವು ಅಂಕಿಗಳು ಮಾತ್ರ ದಪ್ಪಕ್ಷರದಲ್ಲಿ.

ವಾಚಕರೇ, ಆ ಕಾಗದವನ್ನು ಓದುವ ಬಗೆ ಹೇಗೆ? ಅದು ಏನನ್ನು ಹೇಳುತ್ತದೆ? ಅದಕ್ಕಿಂತ ಮುಖ್ಯವಾಗಿ, ಏನನ್ನು ಹೇಳುವುದಿಲ್ಲ? ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೆ ಊರಿನಲ್ಲಿ ಮೇಷ್ಟರೆಂದ ಮೇಲೆ ಇಂಥ ಕಾಗದಗಳನ್ನು ತಂದು ಮುಂದೆ ಹಿಡಿಯುವವರು ಬಹಳ. ಆ ಕಾರಣದಿಂದ, ಬಲ್ಲವರನ್ನು ಕೇಳಿಯೂ ಓದಿಯೂ ತಿಳಿದುಕೊಂಡುದನ್ನು ಇಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ಈ ಪರೀಕ್ಷೆಗೆ ಸಿ.ಬಿ.ಸಿ. ಎಂದು ಹೆಸರು. ರಕ್ತಕಣಗಳ ಪೂರ್ಣ ಎಣಿಕೆ ಎಂದು ಇದರ ಅರ್ಥ. ತೋಳಿನ ರಕ್ತನಾಳದಿಂದ ತೆಗೆದ ರಕ್ತವನ್ನು, ಹೆಪ್ಪುಗಟ್ಟದಂತೆ ಮಾಡುವ ಔಷಧ ಸವರಿದ ಒಂದು ಚಿಕ್ಕ ಕೊಳವೆಯಲ್ಲಿ ಹಾಕುತ್ತಾರೆ. ಸಾಮಾನ್ಯವಾಗಿ ಅದರ ಮುಚ್ಚಳದ ಬಣ್ಣ ನೇರಿಳೆ. ಹಿಂದೆ ಈ ಎಣಿಕೆಯನ್ನು ಮನುಷ್ಯರು ಕಣ್ಣಿನಿಂದಲೇ ಮಾಡಬೇಕಿತ್ತು. ಗೆರೆ ಕೊರೆದ ಗಾಜಿನ ಬಿಲ್ಲೆಯ ಮೇಲೆ ರಕ್ತವನ್ನು ತೆಳುಮಾಡಿ ಹರಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಒಂದೊಂದು ಚೌಕದೊಳಗಿನ ಕಣಗಳನ್ನೂ ಎಣಿಸಿ ಲೆಕ್ಕ ಕಟ್ಟುತ್ತಿದ್ದರು. ಅಮೆರಿಕದ ವಾಲೆಸ್ ಕೋಲ್ಟರ್ ಎಂಬವರು ೧೯೫೩ರಲ್ಲಿ ಹಕ್ಕುಪತ್ರ ಪಡೆದ ಒಂದು ಉಪಾಯದಿಂದ ಈ ಕೆಲಸ ಯಂತ್ರದ ಪಾಲಾಯಿತು. ಉಪಾಯ ಬಹಳ ಸರಳ. ವಿದ್ಯುತ್ತು ಹರಿಯುತ್ತಿರುವ ದ್ರವದೊಳಗಿನ ಒಂದು ಅತಿ ಸಣ್ಣ ತೂತಿನ ಮೂಲಕ ರಕ್ತಕಣಗಳನ್ನು ಒಂದೊಂದಾಗಿ ದಾಟಿಸಿದರೆ, ಪ್ರತಿಯೊಂದು ಕಣವೂ ದಾಟುವಾಗ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ. ಎಷ್ಟು ಸಲ ಅಡ್ಡಿಯಾಯಿತೋ ಅಷ್ಟು ಕಣ. ಅಡ್ಡಿ ದೊಡ್ಡದಾದರೆ ಕಣವೂ ದೊಡ್ಡದು. ಸಂತೆಯ ದಿನ ಅಗಸೆಬಾಗಿಲಲ್ಲಿ ನಿಂತು ಒಳಕ್ಕೆ ಬರುವವರನ್ನು ಎಣಿಸಿದಂತೆ.

ಎಣಿಸುವುದು ಒಂದು ಘನ ಮಿಲಿಮೀಟರಿನಷ್ಟು ರಕ್ತಕ್ಕೆ. ಗಸಗಸೆಯ ಕಾಳಿಗಿಂತ ಸ್ವಲ್ಪ ದೊಡ್ಡದೆನ್ನಬಹುದಾದ ಆ ಹನಿಯಲ್ಲಿ ಕೆಂಪು ಕಣಗಳು ಸುಮಾರು ೫೦ ಲಕ್ಷ. ಬಿಳಿ ಕಣಗಳು ೪,೦೦೦ದಿಂದ ೧೧,೦೦೦. ಮೂರನೆಯ ಬಗೆಯವು ಪ್ಲೇಟ್‌ಲೆಟ್‌ಗಳು. ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಇವುಗಳಿಗೆ ಕಿರುಬಿಲ್ಲೆ ಎಂಬ ಕನ್ನಡ ಹೆಸರನ್ನು ಕೆಲವರು ಕೊಟ್ಟಿದ್ದಾರೆ. ಹೆಸರು ಚೆನ್ನಾಗಿಯೇ ಇದೆ. ಆದರೆ ಈಗ ಹಳ್ಳಿಯ ಅಜ್ಜಿಯ ಬಾಯಲ್ಲೂ ಪ್ಲೇಟ್‌ಲೆಟ್ ಎಂಬ ಮಾತೇ ನೆಲಸಿರುವಾಗ ಪಂಡಿತರು ಹಟ ಹಿಡಿದು ಫಲವಿಲ್ಲ. ಕೆಂಪು ಕಣ ಪ್ರಾಣವಾಯುವನ್ನು ಹೊರುತ್ತದೆ. ಬಿಳಿ ಕಣ ಕಾವಲು ಕಾಯುತ್ತದೆ. ರಕ್ತನಾಳ ಎಲ್ಲಿಯಾದರೂ ಹರಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಅಲ್ಲಿ ಬಿರಟೆ ಹಾಕುತ್ತವೆ. ಈ ಮೂರೂ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಪ್ಲೇಟ್‌ಲೆಟ್ಟಿನದು ಒಂದು ವಾರ ಹತ್ತು ದಿನ ಮಾತ್ರ. ಆದುದರಿಂದಲೇ ಮಜ್ಜೆಯ ಕೆಲಸ ನಾಲ್ಕಾರು ದಿನ ಕುಂಟಿದರೂ ಪ್ಲೇಟ್‌ಲೆಟ್ಟಿನ ಲೆಕ್ಕದಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ.

ವೈರಸ್ಸುಗಳಲ್ಲಿ ಅನೇಕವು ಮೈಗೆ ಹೊಕ್ಕಾಗ ಇದೇ ಆಗುತ್ತದೆ. ಮಜ್ಜೆಯ ಉತ್ಪಾದನೆ ಕುಗ್ಗುತ್ತದೆ. ಇರುವ ಪ್ಲೇಟ್‌ಲೆಟ್‌ಗಳು ಹೆಚ್ಚು ವೇಗದಲ್ಲಿ ವ್ಯಯವಾಗುತ್ತವೆ. ಬಿಳಿ ಕಣಗಳೂ ಇಳಿಯುತ್ತವೆ. ಬ್ಯಾಕ್ಟೀರಿಯಾದಿಂದ ಬಂದ ಸೋಂಕಿನಲ್ಲಾದರೋ, ನ್ಯುಮೋನಿಯವೋ ದೊಡ್ಡ ಕುರುವೋ ಆದಾಗ, ಸಾಮಾನ್ಯವಾಗಿ ಬಿಳಿ ಕಣಗಳು ಏರುತ್ತವೆ. ಅವುಗಳಲ್ಲಿಯೂ ನ್ಯೂಟ್ರೋಫಿಲ್ ಎಂಬ ಜಾತಿಯವು ವಿಶೇಷವಾಗಿ ಹೆಚ್ಚುತ್ತವೆ. ಸಿ.ಆರ್.ಪಿ. ಎಂಬ ಇನ್ನೊಂದು ಪರೀಕ್ಷೆಯೂ ಇಲ್ಲಿ ನೆರವಿಗೆ ಬರುತ್ತದೆ. ಉರಿಯೂತವಾದಾಗ ಯಕೃತ್ತು ಸುರಿಸುವ ಒಂದು ಸಸಾರಜನಕ ಅದು. ನ್ಯುಮೋನಿಯ ರೋಗಿಗಳ ರಕ್ತದಲ್ಲಿ ೧೯೩೦ರಲ್ಲಿ ಅದನ್ನು ಮೊದಲು ಕಂಡರು. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಅದು ಬಹಳ ಏರುತ್ತದೆ. ಸಾಧಾರಣ ವೈರಸ್ ಜ್ವರದಲ್ಲಿ ಅಷ್ಟು ಏರುವುದಿಲ್ಲ. ಆಂಟಿಬಯೋಟಿಕ್ ಬೇಕೋ ಬೇಡವೋ ಎಂದು ತೂಗುವಾಗ ಡಾಕ್ಟರರಿಗೆ ಈ ಅಂಕಿಗಳು ಒಂದು ಆಧಾರ. ಒಂದು ಆಧಾರವೆಂದೆನೇ ಹೊರತು ತೀರ್ಪೆನ್ನಲಿಲ್ಲ. ಟೈಫಾಯಿಡ್ ಬ್ಯಾಕ್ಟೀರಿಯಾದ ಜ್ವರವೇ ಆದರೂ ಅದರಲ್ಲಿ ಬಿಳಿ ಕಣಗಳು ಇಳಿಯುವುದುಂಟು. ಕೋವಿಡ್ ವೈರಸ್ಸಿನದೇ ಆದರೂ ಅದು ಉಲ್ಬಣಿಸಿದವರಲ್ಲಿ ಸಿ.ಆರ್.ಪಿ. ಏರಿದ್ದನ್ನು ೨೦೨೦ರಿಂದೀಚೆಗೆ ಎಲ್ಲ ಆಸ್ಪತ್ರೆಗಳೂ ಕಂಡಿವೆ.

ಹಾಗಾದರೆ ಪ್ಲೇಟ್‌ಲೆಟ್ ಇಳಿಯಿತೆಂದರೆ ಡೆಂಗಿಯೇ? ಈ ಪ್ರಶ್ನೆ ಈಗ ಮನೆಮನೆಯದು. ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಮಲೇರಿಯದಲ್ಲಿ ಅದು ಇಳಿಯುತ್ತದೆ. ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ತಗಲುವ ಇಲಿಜ್ವರದಲ್ಲಿ ಇಳಿಯುತ್ತದೆ. ಪೊದೆಗಳ ನಡುವಿನ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ಸಿನಲ್ಲಿಯೂ ಇಳಿಯುತ್ತದೆ. ಈ ಮೂರಕ್ಕೂ ನಿಶ್ಚಿತವಾದ ಔಷಧವುಂಟು. ವೈರಸ್ ಜ್ವರವೆಂದು ಕೈಕಟ್ಟಿ ಕುಳಿತರೆ ಗುಣವಾಗಬೇಕಾದ ರೋಗಿಯೇ ಕೈತಪ್ಪಿ ಹೋಗಬಹುದು. ಮತ್ತು ನಮ್ಮ ಮಲೆನಾಡಿನದೇ ಆದ ಒಂದು ಜ್ವರದಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ. ಅದೇ ಮಂಗನ ಕಾಯಿಲೆ.

ಇದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೧೯೫೭ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿ ಬಂದಿತು. ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದ್ದರು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿರುವ ಹಳದಿ ಜ್ವರದಿಂದಲೂ ಮಂಗಗಳು ಸಾಯುವುದುಂಟಾದ್ದರಿಂದ, ಆ ಪಿಡುಗು ಭಾರತಕ್ಕೆ ಕಾಲಿಟ್ಟಿತೇ ಎಂದು ವಿಜ್ಞಾನಿಗಳಿಗೆ ದಿಗಿಲಾಯಿತು. ೧೯೫೨ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದವರು ಬಂದರು. ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶವನ್ನೂ ಪರೀಕ್ಷಿಸಿದರು. ಆ ಕಾಲದಲ್ಲಿ ವೈರಸ್ಸನ್ನು ಹಿಡಿಯಬೇಕಾದರೆ ಸಂಶಯವಿದ್ದ ರಕ್ತವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುವವೋ ಎಂದು ದಿನಗಟ್ಟಲೆ ಕಾಯಬೇಕಿತ್ತು. ಹೀಗೆ ಕಾದು ಸಿಕ್ಕಿದ್ದು ಹಳದಿ ಜ್ವರವಲ್ಲ. ಲೋಕಕ್ಕೆ ಅದುವರೆಗೆ ಗೊತ್ತಿಲ್ಲದ ಒಂದು ಹೊಸ ವೈರಸ್. ವಿಚಿತ್ರವೆಂದರೆ ಅದರ ಹತ್ತಿರದ ನಂಟರು ಇದ್ದುದು ದೂರದ ರಷ್ಯದ ಕಾಡುಗಳ ಉಣುಗುಗಳಲ್ಲಿ. ಕಾಡಿನ ಹೆಸರೇ ವೈರಸ್ಸಿಗೂ ಬಂದು, ನಮ್ಮ ಒಂದು ಕುಗ್ರಾಮದ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನೆಲ್ಲ ಸೇರಿತು. ಪುಣೆಯ ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಜನ ಇಟ್ಟ ಹೆಸರು ಮಂಗನ ಕಾಯಿಲೆ. ಈ ಷಷ್ಠೀ ವಿಭಕ್ತಿಯಿಂದ ಮಂಗನಿಗೆ ಅನ್ಯಾಯವಾಗಿದೆ. ಕಾಯಿಲೆ ಮಂಗನಿಂದ ಬರುವುದಲ್ಲ, ಮಂಗನಿಗೂ ಬರುವುದು. ಹರಡುವುದು ಉಣುಗು. ಸತ್ತ ಮಂಗನ ಮೈಯಿಂದ ಉಣುಗುಗಳು ಕೆಳಗೆ ಉದುರುವುದರಿಂದ ಆ ಜಾಗಕ್ಕೆ ಹೋಗಬಾರದು, ಅದನ್ನು ಮುಟ್ಟಬಾರದು ಎನ್ನುವುದು. ಸೊರಬದಲ್ಲಿ ಕಂಡ ಈ ಕಾಯಿಲೆ ಮುಂದೆ ನಮ್ಮ ಉತ್ತರ ಕನ್ನಡದ ಹೊನ್ನಾವರ, ಸಿದ್ದಾಪುರ ಮೊದಲಾದ ತಾಲೂಕುಗಳಿಗೂ, ದಕ್ಷಿಣ ಕನ್ನಡ ಚಿಕ್ಕಮಗಳೂರುಗಳಿಗೂ, ಕೇರಳದ ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗಗಳಿಗೂ ಹೋಯಿತು. ೨೦೧೮ರ ಕೊನೆಯಲ್ಲಿಯೂ ೨೦೧೯ರಲ್ಲಿಯೂ ಸಾಗರ ತಾಲೂಕಿನ ಅರಲಗೋಡು ಸುತ್ತಮುತ್ತ ಅದು ಮಾಡಿದ ಹಾವಳಿ ತಮಗೆ ನೆನಪಿರಬಹುದು. ಈ ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು, ಅದರಿಂದ ಸಾಕಷ್ಟು ರಕ್ಷಣೆ ದೊರೆಯದೆಂದು ಕಂಡದ್ದರಿಂದ, ನಿಲ್ಲಿಸಲಾಗಿದೆ. ಹೀಗಿರುವಾಗ ರೋಗಿಯನ್ನು ಉಳಿಸುವುದು ಸಕಾಲದ ಆರೈಕೆಯೊಂದೇ. ಸಕಾಲ ಯಾವುದೆಂದು ತಿಳಿಸಲು ಆ ಸಾಧಾರಣ ರಕ್ತದ ಎಣಿಕೆಯಷ್ಟು ಸುಲಭವಾಗಿ ಸಿಕ್ಕುವ ಸಾಧನ ಬೇರೊಂದಿಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಜ್ವರದ ಮೊದಲ ದಿನವೇ ರಕ್ತ ಕೊಟ್ಟರೆ ಎಣಿಕೆ ಸರಿಯಾಗಿಯೇ ಕಾಣಬಹುದು. 'ಎಲ್ಲ ನಾರ್ಮಲ್ ಇದೆ' ಎಂದು ಮನೆಯವರು ನಿಟ್ಟುಸಿರು ಬಿಡುವುದು ಇಲ್ಲಿಯೇ. ಮೂರು ನಾಲ್ಕು ದಿನ ಕಳೆದ ಮೇಲೆ ಬಿಳಿ ಕಣ ಇಳಿದು, ಪ್ಲೇಟ್‌ಲೆಟ್ ಇಳಿದು, ಯಕೃತ್ತಿನ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಎಂಬ ಅಂಕಿಗಳು ಏರುತ್ತವೆ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ, ಮಲದಲ್ಲಿ ರಕ್ತ ಕಾಣಿಸುತ್ತದೆ. ರಕ್ತದ ಒತ್ತಡ ಕುಸಿಯುತ್ತದೆ. ಮೊದಲ ದಿನದ ಚೀಟಿಯನ್ನೇ ನಂಬಿ ಮನೆಯಲ್ಲಿ ಮಲಗಿದವರು ಅಪಾಯಕ್ಕೆ ಸಿಕ್ಕುವುದು ಈ ಘಟ್ಟದಲ್ಲಿ.

ನಮ್ಮ ಹುಡುಗರು ಪರೀಕ್ಷೆಯಲ್ಲಿ 'ನಿದಾನ' 'ನಿಧಾನ' ಎಂಬೆರಡು ಶಬ್ದಗಳನ್ನೂ ಒಂದೇ ಮಾಡಿ ಬರೆಯುತ್ತಾರೆ. ಅಲ್ಪಪ್ರಾಣದ ನಿದಾನವೆಂದರೆ ರೋಗದ ಕಾರಣವನ್ನು ಅರಿಯುವುದು. ಮಹಾಪ್ರಾಣದ ನಿಧಾನಕ್ಕೆ ಸಾವಕಾಶವೆಂದು ರೂಢಿಯ ಅರ್ಥ. ಕೆಂಪು ಶಾಯಿಯಲ್ಲಿ ತಿದ್ದುವುದು ನನ್ನ ಕರ್ತವ್ಯ, ತಿದ್ದುತ್ತೇನೆ. ಆದರೆ ಜ್ವರದ ವಿಷಯದಲ್ಲಿ ಹುಡುಗರ ತಪ್ಪಿನಲ್ಲಿಯೂ ಒಂದು ಸತ್ಯವಿದೆಯೆನ್ನಿಸುತ್ತದೆ. ಒಂದು ದಿನದ ಎಣಿಕೆ ಒಂದು ಕಿರುಪರೀಕ್ಷೆಯ ಅಂಕವಿದ್ದಂತೆ. ಒಬ್ಬ ಹುಡುಗ ೬೦ ಅಂಕ ಪಡೆದನೆಂದರೆ ನನಗೇನೂ ತಿಳಿಯದು. ಹಿಂದಿನ ತಿಂಗಳು ೮೫ ಇದ್ದುದು ಈಗ ೬೦ ಆಯಿತೆಂದರೆ ಅವನ ಮನೆಗೆ ಹೇಳಿಕಳುಹಿಸುತ್ತೇನೆ. ೪೦ ಇದ್ದುದು ೬೦ ಆಯಿತೆಂದರೆ ಬೆನ್ನು ತಟ್ಟುತ್ತೇನೆ. ಪ್ಲೇಟ್‌ಲೆಟ್ ೯೦,೦೦೦ ಎಂಬ ಅಂಕಿಯೂ ಹಾಗೆಯೇ. ಎರಡು ಲಕ್ಷದಿಂದ ಜಾರಿ ಬಂದ ೯೦,೦೦೦ ಬೇರೆ. ಎಂಟನೆಯ ದಿನ ೪೦,೦೦೦ದಿಂದ ಮೇಲೇರುತ್ತಿರುವ ೯೦,೦೦೦ ಬೇರೆ.

ಹೆಸರು ಹಿಡಿಯುವ ಪರೀಕ್ಷೆಗಳು ಇದರಿಂದ ಪ್ರತ್ಯೇಕ. ಮಂಗನ ಕಾಯಿಲೆಯ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲಿಯೇ ಇರುವುದರಿಂದ ಪಿ.ಸಿ.ಆರ್. ಪರೀಕ್ಷೆಯಿಂದ ಅದನ್ನು ಹಿಡಿಯಬಹುದು. ದಿನ ಕಳೆದಂತೆ ಮೈ ತಾನೇ ತಯಾರಿಸಿಕೊಂಡ ಪ್ರತಿಕಾಯಗಳನ್ನು ಎಲೈಸಾ ಎಂಬ ಪರೀಕ್ಷೆಯಿಂದ ಹುಡುಕುತ್ತಾರೆ. ಡೆಂಗಿಯಲ್ಲಿಯೂ ಇದೇ ಕ್ರಮ: ಮೊದಲ ಐದು ದಿನ ಎನ್.ಎಸ್.೧ ಪರೀಕ್ಷೆ, ಅನಂತರ ಐಜಿಎಂ ಪರೀಕ್ಷೆ. ಹೊತ್ತಲ್ಲದ ಹೊತ್ತಿನಲ್ಲಿ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದರೆ ರೋಗವಿಲ್ಲವೆಂದು ಅರ್ಥವಲ್ಲ. ಇಂಥ ಪರೀಕ್ಷೆಗಳಿಗೆ ರಕ್ತವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ದೂರದ ಪ್ರಯೋಗಾಲಯಕ್ಕೆ ಕಳುಹಿಸಬೇಕಾದೀತು. ಉತ್ತರ ಬರುವವರೆಗೆ ರೋಗಿಯ ಸ್ಥಿತಿಯನ್ನು ಅಳೆಯುತ್ತಿರುವುದು ನಮ್ಮ ಹತ್ತಿರದ ಆಸ್ಪತ್ರೆಯ ಸಾಧಾರಣ ಎಣಿಕೆಯೇ.

ಡೆಂಗಿಯ ವಿಷಯದಲ್ಲಿ ಇನ್ನೊಂದು ಅಂಕಿಯತ್ತ ತಮ್ಮ ಗಮನ ಸೆಳೆಯಬೇಕು. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ಟಿನ ಮೇಲೆ; ಅದರ ಮೇಲಿನ ಸಾಲಿನಲ್ಲೆಲ್ಲೋ ಇರುವ ಹಿಮಟೋಕ್ರಿಟ್ ಎಂಬುದನ್ನು ಕೇಳುವವರಿಲ್ಲ. ಕಾಗದದಲ್ಲಿ ಅದು ಎಚ್.ಸಿ.ಟಿ. ಅಥವಾ ಪಿ.ಸಿ.ವಿ. ಎಂದಿರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂದು ಅದು ಹೇಳುತ್ತದೆ. ಸಾಧಾರಣವಾಗಿ ೪೦ರ ಆಸುಪಾಸು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ನೀರು ಆರಿದಷ್ಟೂ ಪಾಕ ಗಟ್ಟಿಯಾಗುವುದನ್ನು ತಾವು ನೋಡಿದ್ದೀರಿ. ತೀವ್ರವಾದ ಡೆಂಗಿಯಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಹೊಟ್ಟೆಗೋ ಎದೆಗೂಡಿಗೋ ಸೋರಿಹೋಗುತ್ತದೆ. ಒಳಗುಳಿದ ರಕ್ತ ಗಟ್ಟಿಯಾಗುತ್ತದೆ. ಹಿಮಟೋಕ್ರಿಟ್ ರೋಗಿಯ ಸಹಜ ಮಟ್ಟದಿಂದ ಐದರಲ್ಲೊಂದು ಪಾಲಿನಷ್ಟು, ಅಂದರೆ ೪೦ರಿಂದ ೪೮ಕ್ಕೆ, ಏರಿತೆಂದರೆ ಅದು ಸೋರಿಕೆಯ ಖಚಿತ ಸೂಚನೆ. ಡೆಂಗಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಈ ಸೋರಿಕೆಯಿಂದ ರಕ್ತದ ಒತ್ತಡ ಕುಸಿದು. ಅದೂ ಯಾವಾಗ? ಜ್ವರ ಬಿಟ್ಟ ದಿನ, ಅಥವಾ ಮರುದಿನ. ಮೈ ತಣ್ಣಗಾಯಿತು, ಇನ್ನು ಗಂಜಿ ಕುಡಿಸಿ ಮಲಗಿಸಿದರಾಯಿತು ಎಂದು ಮನೆಯವರು ನೆಮ್ಮದಿಗೊಂಡ ಹೊತ್ತಿನಲ್ಲಿ. ಆಗ ಹೊಟ್ಟೆನೋವು, ಬಿಡದ ವಾಂತಿ, ಚಡಪಡಿಕೆ, ತಣ್ಣನೆಯ ಕೈಕಾಲು ಇವುಗಳಲ್ಲಿ ಯಾವುದೊಂದು ಕಂಡರೂ ಚೀಟಿಯ ಅಂಕಿಗಳನ್ನು ನೋಡುತ್ತ ಕೂರದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಇನ್ನು ಪ್ಲೇಟ್‌ಲೆಟ್ಟಿನ ಗಾಬರಿಯ ಮಾತು. ೫೦,೦೦೦ಕ್ಕೆ ಇಳಿಯಿತೆಂದೊಡನೆ ರಕ್ತನಿಧಿಗೆ ಓಡಾಡುವುದು, ಡಾಕ್ಟರರೊಡನೆ ಜಗಳಕ್ಕೆ ನಿಲ್ಲುವುದು ಇವೆಲ್ಲ ಸಾಮಾನ್ಯವಾಗಿಬಿಟ್ಟಿವೆ. ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಪ್ಲೇಟ್‌ಲೆಟ್ ಏರಿಸುವ ಯೋಚನೆ ಮಾಡುವುದು ಸಂಖ್ಯೆ ಸುಮಾರು ೧೦,೦೦೦ಕ್ಕಿಂತ ಕೆಳಗೆ ಇಳಿದಾಗ. ರಕ್ತಸ್ರಾವವಿದ್ದರೆ ಮಾತು ಬೇರೆ. ಒಮ್ಮೊಮ್ಮೆ ಕೊಳವೆಯ ಔಷಧದಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಯಂತ್ರ ಒಂದು ಗುಂಪನ್ನು ಒಂದೇ ಎಂದೆಣಿಸಿ, ಇಲ್ಲದ ಇಳಿತವನ್ನು ತೋರಿಸುವುದೂ ಉಂಟು. ಸಂಶಯ ಬಂದಾಗ ಗಾಜಿನ ಮೇಲೆ ರಕ್ತ ಸವರಿ ಕಣ್ಣಿನಿಂದ ನೋಡುವ ಹಳೆಯ ಪದ್ಧತಿಯನ್ನೇ ಪ್ರಯೋಗಾಲಯದವರು ಈಗಲೂ ಆಶ್ರಯಿಸುತ್ತಾರೆ. ಪಪ್ಪಾಯಿ ಎಲೆಯ ರಸವನ್ನು ಕುಡಿಸುವವರೊಡನೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಆ ರಸವನ್ನು ನಂಬಿ ಎರಡನೆಯ ಸಲದ ಪರೀಕ್ಷೆಯನ್ನು ತಪ್ಪಿಸಿದರೆ ವಾದ ಮಾಡಲೇಬೇಕಾಗುತ್ತದೆ. ನಿಜವಾಗಿ ಕೇಡು ಮಾಡುವುದು ಬೇರೊಂದು ಅಭ್ಯಾಸ. ಮೈಕೈ ನೋವು ತಡೆಯಲಾರದೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳನ್ನು ತಂದು ನುಂಗುವುದು, 'ನೋವಿನ ಇಂಜೆಕ್ಷನ್ ಒಂದು ಕೊಟ್ಟುಬಿಡಿ' ಎಂದು ಗೋಗರೆಯುವುದು. ಇಂಥವು ಪ್ಲೇಟ್‌ಲೆಟ್‌ಗಳ ಅಂಟುವ ಶಕ್ತಿಯನ್ನು ಕುಂದಿಸುತ್ತವೆ, ಹೊಟ್ಟೆಯ ಒಳಪೊರೆಯನ್ನು ಕೆರಳಿಸುತ್ತವೆ. ಪ್ಲೇಟ್‌ಲೆಟ್ ಇಳಿದಿರುವಾಗ ಇವು ರಕ್ತಸ್ರಾವಕ್ಕೆ ಬಾಗಿಲು ತೆರೆದಂತೆ. ಕಾರಣ ತಿಳಿಯದ ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಅದೂ ಹೇಳಿದ ಪ್ರಮಾಣದಲ್ಲಿ.

ಎಣಿಕೆಗೆ ಸಿಗದ ಅಪಾಯವೂ ಒಂದಿದೆ. ಮಂಗನ ಕಾಯಿಲೆಯ ಜ್ವರ ಬಿಟ್ಟು, ಅಂಕಿಗಳೆಲ್ಲ ಮೊದಲಿನಂತಾಗಿ, ರೋಗಿ ಎದ್ದು ಓಡಾಡತೊಡಗಿ ಒಂದೆರಡು ವಾರವಾದ ಮೇಲೆ, ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಮರುಕಳಿಸುತ್ತದೆ. ಈ ಸಲ ಅದು ಮಿದುಳಿನ ಕಡೆಗೆ ತಿರುಗಿರುತ್ತದೆ: ಸಹಿಸಲಾಗದ ತಲೆನೋವು, ಕೈನಡುಕ, ದೃಷ್ಟಿಮಾಂದ್ಯ, ಮತಿವಿಕಲತೆ. ರಕ್ತಕಣಗಳ ಲೆಕ್ಕ ಇದನ್ನು ಮುಂದಾಗಿ ಹೇಳಲಾರದು. ಆದುದರಿಂದ ಗುಣವಾದವರನ್ನೂ ಆ ಎರಡು ವಾರ ಕಣ್ಣಿಟ್ಟು ನೋಡಿಕೊಳ್ಳಬೇಕು.

ಡಾಕ್ಟರರ ಮುಂದೆ ಕುಳಿತಾಗ ತಾವಾಗಿಯೇ ಹೇಳಬೇಕಾದ ಕೆಲವು ಮಾತುಗಳಿವೆ. ಬೆಟ್ಟಕ್ಕೆ ದರಕಿಗೋ ಸೌದೆಗೋ ಹೋದದ್ದು ಯಾವಾಗ. ಮೈಮೇಲೆ ಉಣುಗು ಕಂಡದ್ದುಂಟೋ. ಹತ್ತಿರದಲ್ಲಿ ಮಂಗ ಸತ್ತಿದೆಯೋ. ಗದ್ದೆಯ ನೀರಿನಲ್ಲಿ ಇಳಿದದ್ದುಂಟೋ. ಮನೆಯಲ್ಲಿ ಇನ್ನಾರಿಗೆ ಜ್ವರ. ಈಗಾಗಲೇ ಯಾವ ಮಾತ್ರೆ ನುಂಗಿಯಾಗಿದೆ. ಪೇಟೆಯ ಡಾಕ್ಟರರಿಗೆ ದರಕಿನ ವಿಷಯ ತಾನಾಗಿ ಹೊಳೆಯಲಾರದು. ಪ್ಲೇಟ್‌ಲೆಟ್ಟಿನ ಇಳಿತಕ್ಕೆ ಬೆಟ್ಟದ ಈ ಸುದ್ದಿ ಸೇರಿದಾಗಲೇ ಮಂಗನ ಕಾಯಿಲೆಯ ಪರೀಕ್ಷೆಗೆ ರಕ್ತ ಕಳುಹಿಸಬೇಕೆಂಬುದು ಅವರ ಮನಸ್ಸಿಗೆ ಬರುತ್ತದೆ. ಹಳೆಯ ಚೀಟಿಗಳನ್ನು ಎಸೆಯದೆ ಒಂದು ದಾರಕ್ಕೆ ಪೋಣಿಸಿಡಿ. ಪ್ರತಿಯೊಂದರ ನೆತ್ತಿಯ ಮೇಲೂ ತಾರೀಖಿನ ಜೊತೆಗೆ ಅದು ಜ್ವರದ ಎಷ್ಟನೆಯ ದಿನವೆಂಬುದನ್ನು ಪೆನ್ಸಿಲ್ಲಿನಿಂದ ಬರೆಯಿರಿ. ತಾರೀಖನ್ನು ಪ್ರಯೋಗಾಲಯದವರು ಹಾಕುತ್ತಾರೆ; ಎಷ್ಟನೆಯ ದಿನವೆಂಬುದು ಮನೆಯವರಿಗೆ ಮಾತ್ರ ಗೊತ್ತು.